ಹಿಮ್ಮಡಿ ಮಿಸ್ಸಿನ ನೆಲ

ಹಿಮ್ಮಡಿ ಮಿಸ್ ಮನೆ ಯಾವುದೆಂದು ಕೇಳಿದರೆ ಆ ಬೀದಿಯಲ್ಲಿ ಮೂಗು ಸೋರುವ ಮಗುವೂ ಕೈ ತೋರಿಸುತ್ತಿತ್ತು. ಅಡ್ಡಹೆಸರಿಟ್ಟವರು ಅವಳ ಶಿಷ್ಯೆಯರೇ. ತರಗತಿ ಶುರುವಾದಾಗಿನಿಂದ ಮುಗಿಯುವವರೆಗೆ ಅವಳ ಬಾಯಲ್ಲಿ ಅದೊಂದೇ ಮಾತು, ಹಿಮ್ಮಡಿ ಮೇಲೆ, ಹಿಮ್ಮಡಿ ಮೇಲೆ. ರಿದಮಿಕ್ ಜಿಮ್ನಾಸ್ಟಿಕ್ಸ್ ಕಲಿಸುವವರು ಸಾಮಾನ್ಯವಾಗಿ ರಿಬ್ಬನ್ ಬೀಸುವುದನ್ನೋ ಚೆಂಡು ಹಾರಿಸುವುದನ್ನೋ ದೊಡ್ಡದು ಮಾಡುತ್ತಾರೆ, ನೋಡುವವರಿಗೂ ಅದೇ ಚೆಂದ. ಇವಳಿಗೆ ಅದೆಲ್ಲ ಮೇಲಿನ ಅಲಂಕಾರ. ಒಂಟಿ ಕಾಲಿನ ಬೆರಳುಗಳ ಮೇಲೆದ್ದು ಅಲುಗಾಡದೆ ನಿಲ್ಲುವುದು ಬ್ಯಾಲೆನ್ಸ್. ಹಾಗೆ ನಿಂತಲ್ಲೇ, ಎತ್ತಿದ ಕಾಲು ಇಳಿಯದಂತೆ, ಮೈಯ ಆಕಾರ ಕೆಡದಂತೆ ಸುತ್ತುವುದು ಪಿವಟ್. ಇವೆರಡು ಬಂದರೆ ಎಲ್ಲ ಬಂದಂತೆ, ಬಾರದಿದ್ದರೆ ಉಳಿದದ್ದೆಲ್ಲ ದಂಡ ಎನ್ನುತ್ತಿದ್ದಳು. ಸುತ್ತುವಾಗ ಹಿಮ್ಮಡಿ ನೆಲಕ್ಕೆ ತಾಗಿತೋ, ಅಲ್ಲಿಗೆ ಆ ಸುತ್ತು ಮುಗಿಯಿತು. ಅದಕ್ಕೇ ಆ ಜಪ.

ತರಗತಿ ನಡೆಯುತ್ತಿದ್ದದ್ದು ಅವಳ ಸೋದರಮಾವನ ಹಳೆಯ ಶೆಡ್ಡಿನಲ್ಲಿ. ಒಂದು ಕಾಲಕ್ಕೆ ಅಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ಆ ಕಸುಬು ನೆಲಕಚ್ಚಿದ ಮೇಲೆ ಮಾವ, ಅಲ್ಲಿ ಇಲಿಗಳು ಕುಣಿಯುವ ಬದಲು ನಿನ್ನ ಹುಡುಗಿಯರೇ ಕುಣಿಯಲಿ ಎಂದು ಕೀಲಿಕೈ ಕೊಟ್ಟುಬಿಟ್ಟಿದ್ದ. ಸಿಮೆಂಟ್ ನೆಲದ ಮೇಲೆ ಪ್ಲೈವುಡ್, ಅದರ ಮೇಲೆ ದಪ್ಪ ಕಾರ್ಪೆಟ್ಟು, ಒಂದು ಉದ್ದ ಗೋಡೆಗೆ ಕನ್ನಡಿ. ಹುಡುಗಿಯರು ಕನ್ನಡಿಗೆ ಮುಖ ಮಾಡಿಯೇ ಏಳಬೇಕು, ಕನ್ನಡಿಗೆ ಮುಖ ಮಾಡಿಯೇ ಸುತ್ತು ಮುಗಿಸಬೇಕು. ಬೇರೆ ಕಡೆ ತಿರುಗಿ ಅಭ್ಯಾಸ ಮಾಡಿದವಳಿಗೆ ಅಲ್ಲೇ ಮಂಗಳಾರತಿ. ತನ್ನ ತಪ್ಪು ತನ್ನ ಕಣ್ಣಿಗೆ ಕಾಣದೆ ಯಾರೂ ತಿದ್ದಿಕೊಳ್ಳುವುದಿಲ್ಲ ಎಂದು ಅವಳ ವಾದ. ಆ ಶೆಡ್ಡಿನಲ್ಲಿ ಕೈಜಾರಿದ ಚೆಂಡು ಉರುಳಿ ಉರುಳಿ, ಕನ್ನಡಿಗೆ ಮುಖ ಮಾಡಿದವರ ಎಡಗಡೆಯ ಮೂಲೆಯನ್ನೇ ಸೇರುತ್ತಿತ್ತು. ಹುಡುಗಿಯರು ಆ ಮೂಲೆಯನ್ನು ಚೆಂಡಿನ ತವರುಮನೆ ಎಂದು ಕರೆದು ನಗುತ್ತಿದ್ದರು. ಮಿಸ್ಸೂ ನಗುತ್ತಿದ್ದಳು. ನಗುವುದರ ಜೊತೆಗೆ ಒಂದೇ ಒಂದು ಸಲ ಯೋಚಿಸಬಾರದಿತ್ತೇ, ಮಹಾರಾಯ್ತಿ!

ಶೆಡ್ಡಿನೊಳಗೆ ಅವಳ ಹುಡುಗಿಯರು ನಿಂತರೆ ನಿಂತರು. ನೋಡಲು ಬಂದ ತಾಯಂದಿರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಸ್ಪರ್ಧೆಯ ದಿನ ದೊಡ್ಡ ಕ್ರೀಡಾಂಗಣದಲ್ಲಿ ಮಾತ್ರ ಅದೇ ಹುಡುಗಿಯರ ಗ್ರಹಚಾರ ಕೆಡುತ್ತಿತ್ತು. ದೂರದ ಊರು. ಹಿಂದಿನ ದಿನವೇ ಹೋಗಿ ಅಲ್ಲಿ ಅಭ್ಯಾಸ ಮಾಡುವ ಅನುಕೂಲ ಇವರಿಗಿಲ್ಲ. ಬಸ್ಸಿಳಿದು, ಬಟ್ಟೆ ಬದಲಿಸಿ, ನೇರ ಕಾರ್ಪೆಟ್ಟಿಗೆ. ಎಡಗಾಲಿನ ಮೇಲೆ ಏಳುತ್ತಿದ್ದಂತೆ ಮೈ ಬಲಕ್ಕೆ, ಎತ್ತಿದ ಕಾಲಿನ ಕಡೆಗೆ ಜಗ್ಗುತ್ತಿತ್ತು. ಸುತ್ತು ಅರ್ಧವಾಗುವುದರೊಳಗೆ ಹಿಮ್ಮಡಿ ಕೆಳಗೆ. ಒಬ್ಬಳಲ್ಲ ಇಬ್ಬರಲ್ಲ, ಹೆಚ್ಚುಕಡಿಮೆ ಎಲ್ಲರೂ ಹಾಗೆಯೇ, ಅದೇ ಕಡೆಗೇ ಬೀಳುತ್ತಿದ್ದರು.

ಇದಕ್ಕೆ ಮಿಸ್ ಕಂಡುಕೊಂಡ ಕಾರಣ ಒಂದೇ, ಹೆದರಿಕೆ. ಜನರನ್ನು ಕಂಡರೆ ಎದೆ ಡವಗುಟ್ಟುತ್ತದೆ, ಎತ್ತಿದ ಕಾಲು ಭಾರವಾಗುತ್ತದೆ, ಮೈ ಆ ಕಡೆಗೆ ಕುಸಿಯುತ್ತದೆ. ಕೇಳಿದವರಿಗೆ ಹೌದೆನಿಸುವ ವಿವರಣೆಯೇ. ಔಷಧಿಯನ್ನೂ ಅವಳೇ ಕಂಡುಹಿಡಿದಳು. ಅಕ್ಕಪಕ್ಕದವರನ್ನು ಕರೆತಂದು ಸುತ್ತ ಕೂರಿಸಿ, ಒಂಟಿ ಕಾಲಲ್ಲಿ ನಿಂತ ಮಗುವನ್ನು ದಿಟ್ಟಿಸಿ ನೋಡಿ ಎನ್ನುತ್ತಿದ್ದಳು. ಪಕ್ಕದಲ್ಲೇ ನಿಂತು ತಟ್ಟೆ ಬಡಿಯುತ್ತಿದ್ದಳು. ಸ್ಪರ್ಧೆಯಲ್ಲಿ ಬಿದ್ದು ಬಂದವಳನ್ನು ಎಲ್ಲರ ಮುಂದೆ ನಿಲ್ಲಿಸಿ, ಯಾಕೆ ಹೆದರಿದೆ ಹೇಳು ಎಂದು ಬಾಯಿ ಬಿಡಿಸುತ್ತಿದ್ದಳು. ಮಕ್ಕಳು ಅಳುತ್ತಿದ್ದವು. ಅತ್ತಷ್ಟೂ ಅವಳಿಗೆ ಖಾತ್ರಿ, ಇದು ಹೆದರಿಕೆಯೇ. ಎಷ್ಟೋ ಹುಡುಗಿಯರು ಹಾಗೆ ಅಳುತ್ತಲೇ ಬಿಟ್ಟುಹೋದರು.

ಈ ಔಷಧಿಯನ್ನು ಎಲ್ಲರಿಗಿಂತ ಹೆಚ್ಚು ಕುಡಿದವಳು ಅವಳ ಒಬ್ಬಳೇ ಮಗಳು. ಇದು ಹೆತ್ತವಳ ಹೆಗ್ಗಳಿಕೆಯ ಮಾತಲ್ಲ, ಆ ಶೆಡ್ಡು ಕಂಡ ಮಕ್ಕಳಲ್ಲೇ ಅವಳು ಬೇರೆ. ಬೆರಳುಗಳ ಮೇಲೆ ಎದ್ದಳೆಂದರೆ ಸುತ್ತಲಿನವರು ಉಸಿರು ಬಿಗಿಹಿಡಿಯುತ್ತಿದ್ದರು. ಕ್ರೀಡಾಶಾಲೆಯ ಆಯ್ಕೆಗೆ ತಾಯಿಯೇ ಕರೆದುಕೊಂಡು ಹೋದಳು. ಅಲ್ಲಿ ಮಗಳು ಬಿದ್ದಳು. ಎದ್ದು ಮತ್ತೆ ಸುತ್ತಿದಳು, ಮತ್ತೆ ಬಿದ್ದಳು. ಕಾರ್ಪೆಟ್ಟಿನ ಅಂಚಿಗೆ ಬಂದು, ಅಮ್ಮ, ಇಲ್ಲಿ ನೆಲ ಒಂದು ಕಡೆ ವಾಲಿದೆ ಎಂದಳು. ಪಕ್ಕದಲ್ಲಿದ್ದ ಬೇರೆ ತರಬೇತುದಾರರು ಗೊಳ್ಳೆಂದು ನಕ್ಕರು. ಮಿಸ್ಸಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರೆಲ್ಲ ಕೇಳುವ ಹಾಗೆಯೇ ಮಗಳಿಗೆ ಹೇಳಿದಳು.

"ನೆಲ ಸರಿಯಾಗೇ ಇದೆ. ನೀನು ಪುಕ್ಕಲಿ. ನಾಲ್ಕು ಜನರ ಮುಂದೆ ನಿಲ್ಲೋಕೆ ಆಗದವಳು ನೀನು. ಮನೇಲೇ ಇರು."

ಮಗಳು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ. ಓದು ಮುಗಿಸಿ ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಗೆ ಸೇರಿದಳು. ಅಲ್ಲಿಯೂ ಗಿರಾಕಿಗಳ ಮುಖ ನೋಡುವ ಕೆಲಸ ಬೇಡವೆಂದು ಹಿಂದಿನ ಕೋಣೆಯಲ್ಲಿ ಮಾತ್ರೆ ಜೋಡಿಸುತ್ತ ಉಳಿದಳು. ಮಾಲೀಕರು ಇನ್ನೊಂದು ಅಂಗಡಿಯನ್ನು ನೀನೇ ನೋಡಿಕೋ ಎಂದಾಗ ಆಗುವುದಿಲ್ಲ ಎಂದಳು. ಮದುವೆಯ ಮಾತೆತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ಒಳಕೋಣೆಯ ಬಾಗಿಲು ಮುಚ್ಚುತ್ತಿತ್ತು. ಅದೇನೋ ಹುಟ್ಟುಗುಣ ಎಂದು ಮಿಸ್ ಬಂದವರಿಗೆ ಸಮಜಾಯಿಷಿ ಕೊಡುತ್ತಿದ್ದಳು. ಹಾಗೆ ಹೇಳಿ ಹೇಳಿ ಅವಳೂ ಅದನ್ನು ನಂಬಿದ್ದಳು.

ಇಷ್ಟರಲ್ಲಿ ಮಿಸ್ಸಿನ ತಲೆ ನರೆಯಿತು. ಶೆಡ್ಡಿನ ಕನ್ನಡಿ ಗೋಡೆಗೆ ತೇವ ಹಿಡಿದು ಕನ್ನಡಿಯ ತುಂಬ ಕಪ್ಪು ಕಲೆಗಳಾದವು. ಅವಳ ಗಂಡ ದರ್ಜಿ, ಹುಡುಗಿಯರ ಸ್ಪರ್ಧೆಯ ಬಟ್ಟೆಗಳನ್ನು ಹೊಲಿಯುತ್ತಿದ್ದವನೂ ಅವನೇ. ಈ ಕನ್ನಡಿಯಲ್ಲಿ ನಿನ್ನ ಸುಕ್ಕು ಕಾಣುವುದಿಲ್ಲ, ಇದ್ದರೆ ಇರಲಿ ಬಿಡು ಎಂದು ಅವನು ರೇಗಿಸಿದ. ಅವಳು ಬಿಡಲಿಲ್ಲ. ಹೊಸ ಕನ್ನಡಿ ತರಿಸಿದಳು. ಹಳೆಯ ಗೋಡೆ ತೇವ ಎಂದು ಎದುರಿನ ಗೋಡೆಗೆ ಹಾಕಿಸಿದಳು. ಇಷ್ಟು ವರ್ಷ ಯಾರೂ ಮುಖ ಮಾಡದ ದಿಕ್ಕಿಗೆ ಮರುದಿನ ಹುಡುಗಿಯರು ಮುಖ ಮಾಡಿ ನಿಂತರು.

ಎಡಗಾಲಿನ ಮೇಲೆ ಎದ್ದರು, ಬಲಕ್ಕೆ ಬಿದ್ದರು. ಒಬ್ಬಳ ಹಿಂದೆ ಒಬ್ಬಳು, ಎಲ್ಲರೂ. ಎತ್ತಿದ ಕಾಲಿನ ಕಡೆಗೆ, ಥೇಟ್ ಸ್ಪರ್ಧೆಯಲ್ಲಿ ಬೀಳುವ ಹಾಗೆ. ಮೊದಲು ಮಿಸ್ ಗದರಿದಳು. ಏನು ತಮಾಷೆ ಹಚ್ಚಿದ್ದೀರಿ ಎಂದಳು. ಹುಡುಗಿಯರು ನಗುತ್ತಿದ್ದರು, ತಾವು ಬೀಳುವುದನ್ನು ಹೊಸ ಕನ್ನಡಿಯಲ್ಲಿ ನೋಡಿ ಅವರಿಗೇ ನಗು. ಆ ನಗು ಕೇಳಿ ಮಿಸ್ ಗದರುವುದನ್ನು ನಿಲ್ಲಿಸಿದಳು. ಇಲ್ಲಿ ತೀರ್ಪುಗಾರರಿಲ್ಲ, ಜನರಿಲ್ಲ, ಯಾರಿಗೂ ಹೆದರಿಕೆಯೂ ಇಲ್ಲ. ಮತ್ತೆ ಯಾಕೆ ಬೀಳುತ್ತಿದ್ದಾರೆ?

ಹಳೆಯ ಖಾಲಿ ಗೋಡೆಯ ಕಡೆಗೇ ತಿರುಗಿ ಎಂದಳು. ತಿರುಗಿ ಎದ್ದರು, ಕಂಬದ ಹಾಗೆ ನಿಂತರು. ಕನ್ನಡಿಯ ಕಡೆಗೆ ಎಂದಳು. ಬಿದ್ದರು. ಮಿಸ್ ಚೆಂಡೊಂದನ್ನು ಕಾರ್ಪೆಟ್ಟಿನ ನಡುವೆ ಇಟ್ಟು ಕೈ ತೆಗೆದಳು. ಅದು ಯಾರೂ ಮುಟ್ಟದೆ ತವರುಮನೆಗೆ ಹೊರಟಿತು. ಬಣ್ಣದ ನೀರು ಮೂಲೆಯ ಮೋರಿಗೆ ಹರಿದುಹೋಗಲೆಂದು ಆ ನೆಲವನ್ನು ಕಟ್ಟುವಾಗಲೇ ಇಳಿಜಾರು ಮಾಡಿದ್ದರು. ಕಣ್ಣಿಗೆ ಕಾಣದಷ್ಟು ಇಳಿಜಾರು. ಪ್ಲೈವುಡ್ಡು ಕಾರ್ಪೆಟ್ಟು ಎಲ್ಲವೂ ಅದರ ಜೊತೆಗೇ ವಾಲಿಕೊಂಡು ಮಲಗಿದ್ದವು. ಹಳೆಯ ಕನ್ನಡಿಗೆ ಮುಖ ಮಾಡಿ ನಿಂತರೆ ನೆಲ ಎಡಕ್ಕೆ ಇಳಿಯುತ್ತಿದ್ದರಿಂದ ಮಕ್ಕಳು ನೆಟ್ಟಗೆ ನಿಲ್ಲಲು ಮೈಯನ್ನು ಒಂಚೂರು ಬಲಕ್ಕೆ ಎಳೆದುಕೊಂಡು ಏಳುವುದನ್ನು ಕಲಿತಿದ್ದರು. ಹಾಗೆ ಕಲಿಯುತ್ತಿದ್ದೇವೆ ಎಂದು ಅವರಿಗೂ ಗೊತ್ತಿರಲಿಲ್ಲ, ಕಲಿಸಿದವಳಿಗೂ ಗೊತ್ತಿರಲಿಲ್ಲ. ಸಮತಟ್ಟಾದ ನೆಲಕ್ಕೆ ಹೋದಾಗ ಅದೇ ಎಳೆತ ಅವರನ್ನು ಬೀಳಿಸುತ್ತಿತ್ತು. ಈಗ ಎದುರು ಗೋಡೆಗೆ ತಿರುಗಿದಾಗ ಇಳಿಜಾರೂ ಬಲಕ್ಕಾಯಿತು, ಹಾಗಾಗಿ ಇಲ್ಲಿಯೂ ಬಿದ್ದರು. ಚೆನ್ನಾಗಿ ಕಲಿತವಳು ಹೆಚ್ಚು ಖಚಿತವಾಗಿ ಬೀಳುತ್ತಿದ್ದಳು. ಅವಳ ಮಗಳಷ್ಟು ಚೆನ್ನಾಗಿ ಕಲಿತವರು ಯಾರೂ ಇರಲಿಲ್ಲ.

ಮಕ್ಕಳನ್ನು ಬೇಗ ಮನೆಗೆ ಕಳಿಸಿ ಅವಳು ಕಾರ್ಪೆಟ್ಟಿನ ಮೇಲೆ ಕುಕ್ಕರಿಸಿದಳು. ಬಿಟ್ಟುಹೋದ ಹುಡುಗಿಯರ ಮುಖಗಳು ಒಂದೊಂದಾಗಿ ಬಂದವು. ಬಾಯಿ ಬಿಡಿಸಿದ್ದು, ತಟ್ಟೆ ಬಡಿದದ್ದು, ಅಳಿಸಿದ್ದು. ಕೊನೆಗೆ ಕಾರ್ಪೆಟ್ಟಿನ ಅಂಚಿನಲ್ಲಿ ನಿಂತ ಮಗಳು. ಹುಡುಗಿಯ ಪಾದಕ್ಕೆ ಗೊತ್ತಾಗಿತ್ತು, ಎರಡು ನೆಲಗಳಲ್ಲಿ ಒಂದು ವಾಲಿದೆ ಎಂದು. ಯಾವುದು ಎನ್ನುವುದರಲ್ಲಿ ಮಾತ್ರ ಎಡವಿದ್ದಳು. ಹೇಳಿದವಳನ್ನು ಹೆತ್ತ ತಾಯಿಯೇ ಹತ್ತಾರು ಜನರ ಮುಂದೆ ಹೊಸಕಿ ಹಾಕಿದ್ದಳು. ಮಿಸ್ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಗಂಡನಿಗೆ ಹೇಳಿದಾಗ ಅವನು ಹೊಲಿಗೆ ಯಂತ್ರ ನಿಲ್ಲಿಸಿದ. ತರಗತಿ ಮುಚ್ಚು, ನೆಲ ಒಡೆಸು, ಬೇಕಾದ್ದು ಮಾಡು, ಮಗಳಿಗೆ ಮಾತ್ರ ಹೇಳಬೇಡ ಎಂದ. ಅವಳು ಕೇಳಲಿಲ್ಲ. ತಪ್ಪು ಅವಳದಲ್ಲ ಎಂದು ತಿಳಿದರೆ ಮಗಳ ಜೀವ ಹಗುರಾಗುತ್ತದೆ ಎಂದು ವಾದಿಸಿದಳು.

"ಅವಳ ಜೀವ ಹಗುರಾಗೋದೋ, ನಿನ್ನದೋ?" ಎಂದು ಗಂಡ ಕೇಳಿದ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳಿಗೆ ಊಟ ಸೇರುತ್ತಿರಲಿಲ್ಲ, ಮಗಳ ಮುಖ ನೋಡಲಾಗುತ್ತಿರಲಿಲ್ಲ. ಮಗಳು ಕ್ಷಮಿಸಿದೆ ಎಂದರೆ ಸಾಕಿತ್ತು, ಬೈದರೂ ಸಾಕಿತ್ತು.

ಅಂಗಡಿಗೆ ರಜೆಯಿದ್ದ ದಿನ ಬೆಳಿಗ್ಗೆ, ಸಾಮಾನು ಎತ್ತಿಡಲು ಒಂದು ಕೈ ಬೇಕು ಎಂದು ಸುಳ್ಳು ಹೇಳಿ ಮಗಳನ್ನು ಶೆಡ್ಡಿಗೆ ಕರೆದುಕೊಂಡು ಹೋದಳು. ಮಗಳು ಅಲ್ಲಿ ಕಾಲಿಡದೆ ವರ್ಷಗಳೇ ಆಗಿದ್ದವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಗೋಡೆ ಸವರಿಕೊಂಡೇ ಒಳಗೆ ಬಂದಳು. ಮಿಸ್ ಮಾತಿಗಿಂತ ಮೊದಲು ಚೆಂಡನ್ನು ನಡುವೆ ಇಟ್ಟು ತೋರಿಸಿದಳು. ಆಮೇಲೆ ಬಣ್ಣದ ನೀರು, ಮೋರಿ, ಕನ್ನಡಿ ಎಂದು ತಡವರಿಸುತ್ತ ಎಲ್ಲ ಹೇಳಿದಳು. ನೀನು ಅವತ್ತು ಬಿದ್ದದ್ದು ನೆಲದಿಂದ, ನಿನ್ನಿಂದಲ್ಲ ಎಂದಳು. ನನ್ನ ನಾಲಿಗೆ ಸೇದಿಹೋಗಬೇಕಿತ್ತು ಎಂದಳು. ಮಗಳು ಮೂಲೆಯಲ್ಲಿ ನಿಂತಿದ್ದ ಚೆಂಡನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನಾನು ಪುಕ್ಕಲಿ ಆಗಿರಲಿಲ್ವಾ?"

"ಇಲ್ಲ ಕಣೇ. ಯಾವತ್ತೂ ಆಗಿರಲಿಲ್ಲ."

ಮಗಳ ಮುಖ ಅರಳಿತು. ಆಯ್ಕೆಗೆ ಹೋಗುವ ಮುಂಚಿನ, ಎರಡು ಜಡೆಯ ಆ ಹುಡುಗಿಯ ಮುಖವೇ ಒಂದು ಗಳಿಗೆ ಅಲ್ಲಿ ಬಂದು ಹೋದ ಹಾಗಾಯಿತು. ಅದನ್ನು ಕಂಡು ಮಿಸ್ಸಿನ ಜೀವಕ್ಕೆ ಜೀವ ಬಂತು, ತಾನು ಹೇಳಿದ್ದೇ ಸರಿ ಎಂದುಕೊಂಡಳು. ಅಷ್ಟರಲ್ಲಿ ಮಗಳು ಕೆಳಗೆ ಕೂತಳು. ಕಾರ್ಪೆಟ್ಟಿನ ಮೇಲೆ ಅಂಗೈ ಒರೆಸುತ್ತ, ತಾಯಿಯ ಕಡೆ ನೋಡದೆ ಮಾತಾಡಿದಳು. ಔಷಧಿ ಕಂಪನಿಯಿಂದ ಅಂಗಡಿಗೆ ಬರುತ್ತಿದ್ದ ಒಬ್ಬಾತ ಇದ್ದನಂತೆ. ಹಿಂದಿನ ಕೋಣೆಯವರೆಗೂ ಬಂದು ಮಾತಾಡಿಸುತ್ತಿದ್ದನಂತೆ. ಮನೆಗೆ ಬಂದು ಕೇಳಲೇ ಎಂದನಂತೆ. ಈ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಾನು ನಾಲ್ಕು ಜನರ ಮುಂದೆ ನಿಲ್ಲೋಕೆ ಆಗದವಳು, ನನ್ನ ಕಟ್ಕೊಂಡು ನೀವು ನಗೆಪಾಟಲಾಗ್ತೀರಿ ಅಂದೆ. ಅವರು ಮತ್ತೆ ಮತ್ತೆ ಬಂದು ಕೇಳಿದ್ರು. ಕೊನೆಗೆ ಬರೋದು ಬಿಟ್ರು. ಈಗ ಅವರ ಮಕ್ಕಳಿಗೆ ಜ್ವರ ಬಂದ್ರೆ ನಮ್ಮ ಅಂಗಡಿಗೇ ಬರ್ತಾರೆ. ನಾನು ಒಳಗಿಂದ ಮಾತ್ರೆ ಕೊಟ್ಟು ಕಳಿಸ್ತೀನಿ."

ಮಿಸ್ ಅವಳ ಹತ್ತಿರ ಕೂತು ಭುಜದ ಮೇಲೆ ಕೈ ಇಟ್ಟಳು. ಇನ್ನೂ ಏನು ಮಹಾ ವಯಸ್ಸಾಗಿದೆ, ಈಗಲೂ ಏನೂ ಕೆಟ್ಟಿಲ್ಲ, ಮಾಲೀಕರು ಹೇಳಿದ ಅಂಗಡಿಯನ್ನಾದರೂ ನೋಡಿಕೊಳ್ಳಬಹುದು ಎಂದು ಏನೇನೋ ಹೇಳಿದಳು. ಹೇಳುತ್ತಿರುವಾಗಲೇ ಅದು ಒಣಮಾತು ಎಂದು ಅವಳಿಗೇ ಗೊತ್ತಾಗುತ್ತಿತ್ತು. ಮಗಳು ಆ ಕೈಯನ್ನು ಮೆಲ್ಲಗೆ ತೆಗೆದು ಕಾರ್ಪೆಟ್ಟಿನ ಮೇಲಿಟ್ಟಳು.

"ಅಮ್ಮ, ನಾನು ಹುಟ್ಟಿದ್ದೇ ಹೀಗೆ ಅಂದ್ಕೊಂಡು ಹೇಗೋ ಸಮಾಧಾನ ಮಾಡ್ಕೊಂಡಿದ್ದೆ. ಆಗದವಳಿಗೆ ಆಗಲಿಲ್ಲ, ಅಷ್ಟೇ ಅಂತ. ನೀನು ಅದನ್ನೂ ಕಿತ್ಕೊಂಡೆ. ಇನ್ನು ನಾನು ಏನಂತ ಬದುಕಲಿ?"

ಕ್ಷಮಿಸು ಎಂದು ಕೇಳಲು ಬಂದಿದ್ದ ಮಿಸ್ಸಿಗೆ ಆ ಪದವೇ ಬಾಯಿಗೆ ಬರಲಿಲ್ಲ. ಮಗಳು ಎದ್ದು ಬಟ್ಟೆ ಕೊಡವಿಕೊಂಡು, ಎತ್ತಿಡುವ ಸಾಮಾನು ಏನಾದರೂ ಇದೆಯೇ ಎಂದು ಕೇಳಿದಳು. ಇಲ್ಲವೆಂದು ತಾಯಿ ತಲೆಯಾಡಿಸಿದಳು. ಮಗಳ ಕಣ್ಣು ಕೆಂಪಾಗಿತ್ತು. ಅಷ್ಟು ಸಿಟ್ಟು ಅವಳ ಮುಖದಲ್ಲಿ ಎಂದೂ ಕಂಡದ್ದಿಲ್ಲ. ಈಗಲಾದರೂ ಕೂಗಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ ಎಂದು ತಾಯಿ ಕೂತಲ್ಲೇ ಕಾದಳು. ಮಗಳು ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ, ಎರಡೂ ಕೈಯಲ್ಲಿ ಹಿಡಿದು, ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡಳು.