ಮಾಳಿಗೆಯ ಬೆಳಕಿಂಡಿ

ಮಾನ್ವಿ ಹತ್ತಿರದ ಕುರ್ಡಿಯಲ್ಲಿ ನನ್ನ ಹೆಂಡತಿಯ ತವರುಮನೆ ಇತ್ತು. ಅವಳ ತಮ್ಮ ಅದನ್ನು ಕೆಡವಿ ಹೊಸದು ಕಟ್ಟಿದ. ಅವನ ತಪ್ಪೇನಿಲ್ಲ, ಮಣ್ಣಿನ ಮಾಳಿಗೆ ಸೋರುತ್ತಿತ್ತು. ಆದರೆ ಹಳೆಯ ಮನೆಯದೊಂದು ಫೋಟೋ ಯಾರ ಬಳಿಯೂ ಇರಲಿಲ್ಲ. ಅತ್ತೆ ತೀರಿಕೊಂಡು ಆಗಲೇ ವರ್ಷವಾಗಿತ್ತು.

"ಡ್ರಾಯಿಂಗ್ ಮಾಸ್ತರ ಅದೀರಿ, ಯುಗಾದಿ ಹೊತ್ತಿನ ನಮ್ಮನಿ ಚಿತ್ರ ತೆಗೆದು ಕೊಡ್ರಿ," ಅಂದಳು ಹೆಂಡತಿ. "ಕಣ್ಣ ಮುಚ್ಚಿದ್ರ ಮೊದಲಿನಂಗ ಕಾಣವಲ್ದು. ಮರ್ತುಬಿಡ್ತೀನೋ ಅಂತ ಅಂಜಿಕಿ ಆಗಾಕತ್ತದ."

ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ನನ್ನ ಕುಂಚಕ್ಕೆ ಕೊಟ್ಟ ಮೊದಲ ಮರ್ಯಾದೆ ಅದು. ಉಬ್ಬಿಹೋಗಿ ಎರಡೇ ದಿನದಲ್ಲಿ ಬರೆದು ಮುಂದಿಟ್ಟೆ. ನೋಡಿ ಕಿಸಕ್ಕನೆ ನಕ್ಕಳು.

"ಇದ್ಯಾರ ಮನಿರೀ?"

ಇಳಿಜಾರು ಹೆಂಚಿನ ಸೂರು, ಹಿಂದೆ ಎರಡು ಗುಡ್ಡ, ನಡುವೆ ಸೂರ್ಯ! ದೇವದುರ್ಗದ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ 'ಸೀನರಿ' ತಾನಾಗಿಯೇ ಕೈಗೆ ಬಂದುಬಿಟ್ಟಿತ್ತು. ಆ ಮಕ್ಕಳೂ ಚಪ್ಪಟೆ ಮಾಳಿಗೆಯ ಮನೆಗಳಿಂದಲೇ ಬರುತ್ತಿದ್ದರು. ಥೂ, ನನ್ನ ಮಾಸ್ತರಿಕೆಗಿಷ್ಟು!

ಮತ್ತೆ ಬರೆದೆ. ಮಣ್ಣಿನ ಗೋಡೆ, ಚಪ್ಪಟೆ ಮಾಳಿಗೆ, ಅಂಗಳದಲ್ಲಿ ಹೂಬಿಟ್ಟ ಬೇವು. ಈ ಸಲ ಅವಳು ನಗಲಿಲ್ಲ. ಬಹಳ ಹೊತ್ತು ನೋಡಿ, "ಬೆಳಕಿಂಡಿ ಎಲ್ರೀ?" ಅಂದಳು.

ಅಡುಗೆಮನೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲೇ ಬಿಟ್ಟಿದ್ದ ಕಿಂಡಿ ಅದು. ನನಗೆ ರೇಗಿಹೋಯಿತು.

"ಅಂಗಳದಾಗ ನಿಂತು ನೋಡಿದ್ರ ಮಾಳಗಿ ಮ್ಯಾಲಿನ ಕಿಂಡಿ ಹೆಂಗ ಕಾಣ್ತದ? ಚಿತ್ರಕ್ಕೂ ಒಂದು ರೀತಿ ಅಂತ ಇರ್ತದ."

"ನಾ ಅಂಗಳದಾಗ ಯಾವಾಗ ನಿಂತಿದ್ನಿರೀ? ಯುಗಾದಿ ಬಂತಂದ್ರ ದಿನಾ ಮ್ಯಾಲೇ ಕುಂತಿರ್ತಿದ್ದೆ, ಒಣಗಾಕ ಹಾಕಿದ ಶಾವಿಗಿ ಕಾಯ್ಕೋತ, ಕಾಗಿ ಓಡಿಸ್ಕೋತ. ಅವ್ವ ಒಲಿ ಮುಂದ ಕುಂತು, ಆ ಬೆಳಕಿಂಡ್ಯಾಗಿಂದ ಮುಖ ಎತ್ತಿ ಉಣ್ಣಾಕ ಕರೀತಿದ್ಲು."

ನನ್ನ ಸಿಟ್ಟು ಸರ್ರನೆ ಇಳಿಯಿತು. ಪಾಪ ಅನ್ನಿಸಿತು, ನನ್ನ ಮೇಲೆ ನಾಚಿಕೆಯೂ ಆಯಿತು. ಮೂರನೆಯ ಸಲ, ಮಾಳಿಗೆಯ ಮೇಲೆ ಕೂತ ಹುಡುಗಿಗೆ ಕಂಡಂತೆ ಬರೆದೆ. ಹಳೆ ಸೀರೆಯ ಮೇಲೆ ಹರವಿದ ಶಾವಿಗೆ, ಕೈಗೆಟುಕುವ ಬೇವಿನ ಹೂ, ಆಚೆ ಹೊಲಗಳು, ಇತ್ತ ಕಾಲ ಬಳಿ ಒಂದು ಕಪ್ಪು ಚೌಕ. ಗೋಡೆಯೂ ಬಾಗಿಲೂ ಇಲ್ಲದ ಮನೆಯ ಚಿತ್ರ ಅದು.

ಅವಳು ಬಾಗಿ ಆ ಚೌಕದ ಮೇಲೆ ಬೆರಳಿಟ್ಟಳು. ನಾನು ಪಕ್ಕದಲ್ಲಿ ನಿಂತಿರುವುದನ್ನೂ ಮರೆತು, "ಬಂದೆ ಬೇ ಯವ್ವಾ," ಅಂದಳು.