ಪ್ರೋಟಾನ್ ತೂಗುತ್ತಿದ್ದ ಗೆಲ್ಲೇರ್ಟ್ ಮಾವ

ಗೆಲ್ಲೇರ್ಟ್ ಮಾವ ನನ್ನ ಅಮ್ಮನ ತಮ್ಮ. ಮದುವೆಯಾಗಲಿಲ್ಲ. ಬುಡಾಪೆಸ್ಟ್‌ನ ನಮ್ಮ ಮನೆಯಲ್ಲಿ ಅಂಗಳದ ಕಡೆಗಿರುವ ಚಿಕ್ಕ ಕೋಣೆ ಅವರದು. ಅವರ ಕೆಲಸ ಏನೆಂದು ನೆರೆಯವರು ಕೇಳಿದರೆ ಅವರು ತಡವರಿಸುತ್ತಿದ್ದರು. ಆಗ ಉತ್ತರ ಕೊಡುತ್ತಿದ್ದವರು ಅಪ್ಪ. ಅಪ್ಪನಿಗೆ ಮಾರುಕಟ್ಟೆಯಲ್ಲಿ ಮಾಂಸದ ಅಂಗಡಿ ಇದೆ.

“ನಾವಿಬ್ರೂ ಒಂದೇ ಕಸುಬಿನವರು ಕಣ್ರೀ. ನಾನು ಹಂದಿ ತೂಗ್ತೀನಿ, ಇವನು ಪ್ರೋಟಾನ್ ತೂಗ್ತಾನೆ. ನನ್ನ ಗಿರಾಕಿ ಐದು ನಿಮಿಷ ನಿಲ್ಲಲ್ಲ. ಇವನ ಗಿರಾಕಿ ಪಾಪ, ಹದಿನೈದು ವರ್ಷದಿಂದ ಕಾಯ್ತಾ ಕೂತಿದ್ದಾಳೆ.”

“ತೂಗೋದಲ್ಲ ಭಾವ,” ಎಂದು ಮಾವ ಪ್ರತಿ ಸಲವೂ ಬೇಸರಿಸದೆ ಹೇಳುತ್ತಿದ್ದರು. “ತೂಗಿ ಎಷ್ಟೋ ಕಾಲ ಆಯ್ತು. ಅದು ಯಾಕೆ ಅಷ್ಟೇ ತೂಗಬೇಕು, ತಕ್ಕಡಿ ಮುಟ್ಟದೆ ಬರೀ ಲೆಕ್ಕದಿಂದ ಹೇಳೋಕಾಗುತ್ತಾ ಅಂತ ನೋಡ್ತಿದ್ದೀವಿ.”

ಪ್ರೋಟಾನಿನ ಒಳಗೆ ಮೂರು ಕ್ವಾರ್ಕ್‌ಗಳಿವೆ. ಮೂರರ ತೂಕ ಕೂಡಿಸಿದರೂ ಪ್ರೋಟಾನಿನ ನೂರರಲ್ಲಿ ಒಂದು ಪಾಲು ಬಂದರೆ ಹೆಚ್ಚು. ಉಳಿದ ತೂಕವೆಲ್ಲ ಅವನ್ನು ಒಟ್ಟಿಗೆ ಹಿಡಿದಿರುವ ಬಲದ್ದು. ಆ ಬಲವನ್ನು ಕಾಗದದ ಮೇಲೆ ಲೆಕ್ಕ ಹಾಕಲಾಗದು. ಅದಕ್ಕಾಗಿ ಜಾಗವನ್ನೂ ಕಾಲವನ್ನೂ ಬಲೆಯ ಹಾಗೆ ಕಣ್ಣುಕಣ್ಣಾಗಿ ಕತ್ತರಿಸಿ, ಗಂಟುಗಳಲ್ಲಿ ಕ್ವಾರ್ಕ್‌ಗಳನ್ನೂ ಎಳೆಗಳ ಮೇಲೆ ಬಲವನ್ನೂ ಇಟ್ಟು, ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಅದು ದಾಳ ಉರುಳಿಸಿದ ಹಾಗೆ ಎಳೆಗಳನ್ನು ಅಲುಗಿಸುತ್ತ ಬಲೆಯ ಚಿತ್ರಗಳನ್ನು ಒಂದಾದ ಮೇಲೊಂದು ಮಾಡುತ್ತದೆ. ಚಿತ್ರಗಳು ಹೆಚ್ಚಿದಷ್ಟೂ ಸಿಗುವ ತೂಕ ಖಚಿತ. ಮಾವ ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು.

ಅಪ್ಪ ಹೇಳುತ್ತಿದ್ದ ಗಿರಾಕಿ ಎಂದರೆ ಶರೋಲ್ತಾ ಮೇಡಂ, ಮಾವನ ಗುರು. ಅವರು ಯೌವನದಲ್ಲಿ ಇದೇ ಲೆಕ್ಕವನ್ನು ಪುಟ್ಟ ಬಲೆಯ ಮೇಲೆ ಮಾಡಿದ್ದರು. ಆಗಿನ ಯಂತ್ರಗಳ ಬಲ ಅಷ್ಟೇ. ಪ್ರೋಟಾನ್ ಇರಬೇಕಾದ್ದಕ್ಕಿಂತ ತುಂಬ ಭಾರವಾಗಿ ಬಂತು. ಹಾಗೇ ಬಂತೆಂದು ಬರೆದು, ಮುಂದಿನವರು ಸರಿಮಾಡಲಿ ಎಂದು ಕಾದರು. ಕಾಯುತ್ತ ನಿವೃತ್ತರಾದರು.

ಅವರ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಯಾರೂ ಮೊದಲು ಅಂಕಿ ಹೇಳುವಂತಿಲ್ಲ. ಅಂಕಿ ಎಷ್ಟು ಆಚೀಚೆ ಇರಬಹುದು ಎಂಬ ಹೆಚ್ಚುಕಮ್ಮಿಯನ್ನು ಮೊದಲು ಹೇಳಬೇಕು. ಅದು ಮೇಡಂಗೆ ಒಪ್ಪಿಗೆಯಾದರೆ ಮಾತ್ರ ಅಂಕಿ. ದೊಡ್ಡದಾಗಿದ್ದರೆ “ಆಚೆ ಹೋಗು, ಕಡಿಮೆ ಮಾಡ್ಕೊಂಡು ಬಾ” ಎನ್ನುತ್ತಿದ್ದರು. ವಿದ್ಯಾರ್ಥಿ ಬಾಗಿಲು ದಾಟಿ ಹೋಗಲೇಬೇಕು. ಮಾವ ಎಷ್ಟೋ ಸಲ ಆಚೆ ಹೋದವರೇ. ಅದು ಮನೆಯ ಮಾತಿಗೂ ಅಂಟಿಕೊಂಡಿತ್ತು. ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಅಮ್ಮ ಕೇಳಿದರೆ, “ಅರ್ಧ ಗಂಟೆ ಹೆಚ್ಚುಕಮ್ಮಿ, ಏಳಕ್ಕೆ” ಎನ್ನುತ್ತಿದ್ದರು.

ಮಾವ ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಗೆ ದೊಡ್ಡ ಯಂತ್ರ ಕೊಳ್ಳುವ ಶಕ್ತಿ ಇರಲಿಲ್ಲ. ಮಕ್ಕಳು ಆಟವಾಡುವ ಕಂಪ್ಯೂಟರಿಗೆ ಹಾಕುವ ಕಾರ್ಡುಗಳೇ ಈ ಲೆಕ್ಕಕ್ಕೂ ಆಗುತ್ತವೆಂದು ಮಾವ ಅವನ್ನೇ ಕೊಂಡು ತಂದು ಸಂಸ್ಥೆಯ ನೆಲಮಾಳಿಗೆಯಲ್ಲಿ ಜೋಡಿಸಿದರು. ಅಂಗಡಿಯ ಹುಡುಗಿ ಕೇಳಿದಳಂತೆ: “ಎಷ್ಟು ಮಕ್ಕಳು ಸಾರ್ ನಿಮಗೆ? ಒಬ್ಬನಾದ್ರೂ ಓದ್ತಾನಾ?” ಆ ಕೋಣೆ ಚಳಿಗಾಲದಲ್ಲೂ ಬೆಚ್ಚಗಿರುತ್ತಿತ್ತು. ಪೊಗಾಚ ಎಂಬ ಉಪ್ಪು ಬನ್ನು ಬೇಯಿಸುವ ದಿನ ಅಮ್ಮ ನಾದಿ ಕೊಟ್ಟ ಹಿಟ್ಟನ್ನು ಮಾವ ಅಲ್ಲಿಗೆ ಒಯ್ದು, ಯಂತ್ರದ ಬಿಸಿಗಾಳಿಯ ಮುಂದೆ ಉಬ್ಬಲು ಇಡುತ್ತಿದ್ದರು.

ನಿಜವಾದ ಕ್ವಾರ್ಕ್ ಎಷ್ಟು ಹಗುರವೋ ಅಷ್ಟು ಹಗುರವಾಗಿ ಲೆಕ್ಕ ಹಾಕಿದರೆ ಯಂತ್ರ ತಿಣುಕುತ್ತದೆ. ಹಾಗಾಗಿ ಭಾರದಿಂದ ಹಗುರಕ್ಕೆ ಕೆಲವು ತೂಕಗಳಲ್ಲಿ ಲೆಕ್ಕ ಮಾಡಿ, ಬಂದ ಬಿಂದುಗಳ ಮೂಲಕ ಗೆರೆ ಎಳೆದು, ನಿಜವಾದ ತೂಕದವರೆಗೆ ಚಾಚುತ್ತಾರೆ. ತೀರ ಹಗುರದ ಬಿಂದುವೇ ಆ ಗೆರೆಯನ್ನು ಹಿಡಿದು ನಿಲ್ಲಿಸುವುದು. ಅದಕ್ಕಾಗಿ ಮಾವ ಆ ಬಿಂದುವಿನ ಲೆಕ್ಕವನ್ನು ಯಂತ್ರದಲ್ಲಿ ಎರಡು ಓಟಗಳಾಗಿ, ಬೇರೆಬೇರೆ ದಾಳದಿಂದ ಓಡಿಸಿದರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಓಟಗಳೂ ಒಂದೇ ಮಾತು ಹೇಳಿದರೆ ಅದನ್ನು ನಂಬಬಹುದು.

ಆ ಬೇಸಿಗೆ ಮೇಡಂ ಆಸ್ಪತ್ರೆ ಸೇರಿದರು. ಮತ್ತೆ ಮನೆಗೆ ಹೋಗುವ ಮಾತಿಲ್ಲವೆಂದು ವೈದ್ಯರು ಹೇಳಿದ್ದರು. ಅವರಿಗೆ ಇನ್ನೇನೂ ಬೇಕಿರಲಿಲ್ಲ. ಮಾವ ಹೋದಾಗಲೆಲ್ಲ “ಬಂತಾ?” ಎಂದಷ್ಟೇ ಕೇಳುತ್ತಿದ್ದರು. ಆಗಸ್ಟಿನಲ್ಲಿ ಬಂತು. ಎರಡು ಓಟಗಳೂ ಒಪ್ಪಿದವು. ಹೆಚ್ಚುಕಮ್ಮಿ ಎಷ್ಟು ಚಿಕ್ಕದೆಂದರೆ, ಮೇಡಂ ಕೇಳಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರಂತೆ. ಆಮೇಲೆ ಅಂಕಿ. ತಕ್ಕಡಿ ಹೇಳಿದ ತೂಕವೇ. ಅಂದು ನಮ್ಮ ಮನೆಯಲ್ಲಿ ಪೊಗಾಚ, ಏಪ್ರಿಕಾಟಿನ ಸಾರಾಯಿ. ಅಪ್ಪ ತಮ್ಮ ಅಂಗಡಿಯ ತಕ್ಕಡಿಗೆ ರಿಬ್ಬನ್ ಕಟ್ಟಿ ಬಂದಿದ್ದರು.

ಮೇಡಂ ಕಣ್ಣು ಮಂಜಾಗಿತ್ತು. ಅವರು ತಾವೇ ನೋಡಲಿ ಎಂದು ಮಾವ ಎರಡು ಓಟಗಳ ಚಿತ್ರವನ್ನು ದೊಡ್ಡ ಹಾಳೆಯ ಮೇಲೆ, ಒಂದನ್ನು ನೀಲಿ, ಒಂದನ್ನು ಕೆಂಪು, ದಪ್ಪ ಗೆರೆಗಳಲ್ಲಿ ಎಳೆಸಿದರು. ಮೊದಲರ್ಧದಲ್ಲಿ ನೀಲಿಯೂ ಕೆಂಪೂ ತಮ್ಮತಮ್ಮ ಪಾಡಿಗೆ ಏರಿಳಿಯುತ್ತಿದ್ದವು. ಆಮೇಲೆ ನೀಲಿ ಕಾಣೆಯಾಗಿತ್ತು. ಬರೀ ಕೆಂಪು. ಬಣ್ಣ ತೀರಿತೆಂದುಕೊಂಡು ಮಾವ ಮತ್ತೊಮ್ಮೆ ಅಚ್ಚು ಹಾಕಿಸಿದರು. ಮತ್ತೆ ಹಾಗೇ. ನೀಲಿ ಕೆಂಪಿನ ಅಡಿಯಲ್ಲೇ ಇತ್ತು, ಒಂದು ಕೂದಲೂ ಆಚೀಚೆ ಇಲ್ಲದೆ.

ಜೂನಿನ ಗುಡುಗುಮಳೆಯಲ್ಲಿ ಕರೆಂಟ್ ಹೋಗಿ ಎರಡೂ ಓಟಗಳು ನಿಂತಿದ್ದವು. ಮತ್ತೆ ಶುರುಮಾಡುವಾಗ, ಪ್ರತಿ ಓಟಕ್ಕೂ ಅದು ಕೊನೆಗೆ ಉಳಿಸಿಟ್ಟ ಬಲೆಯನ್ನೂ ದಾಳ ಎಲ್ಲಿಗೆ ಬಂದಿತ್ತು ಎಂಬುದನ್ನೂ ಕೊಡಬೇಕು. ಮಾವ ಎರಡಕ್ಕೂ ಮೊದಲನೆಯ ಓಟದ್ದನ್ನೇ ಕೊಟ್ಟಿದ್ದರು. ಅಂದಿನಿಂದ ಎರಡನೆಯ ಓಟ ಮೊದಲನೆಯದರ ನಕಲು. ಒಪ್ಪಿದ್ದು ಎರಡು ಸಾಕ್ಷಿಗಳಲ್ಲ. ಒಬ್ಬನೇ ಸಾಕ್ಷಿ ಎರಡು ಸಲ ಮಾತಾಡಿದ್ದ. ನಕಲನ್ನು ತೆಗೆದು ಲೆಕ್ಕ ಮಾಡಿದಾಗ ಹಗುರದ ಬಿಂದು ಸಡಿಲವಾಯಿತು. ಗೆರೆ ಎತ್ತ ಬೇಕಾದರೂ ವಾಲಬಹುದಾಗಿತ್ತು.

ಅಂದು ಅಡುಗೆಮನೆಯಲ್ಲಿ ಅಮ್ಮ ಬೇಡಿಕೊಂಡಳು: “ಸಂಸ್ಥೆಯವರಿಗೆ ಹೇಳು, ಬೇಡ ಅನ್ನಲ್ಲ. ಆಯಮ್ಮನಿಗೆ ಯಾಕೋ? ಸಾಯೋ ಜೀವ. ಖುಷಿಯಾಗಿ ಹೋಗಲಿ ಬಿಡು.”

ಅಪ್ಪ ತಮಾಷೆ ಮಾಡಲಿಲ್ಲ. “ಬೆಳಿಗ್ಗೆ ಪೀಚ್ ಹಣ್ಣು ಚೆನ್ನಾಗಿರೋದು ಬರುತ್ತೆ. ತಗೊಂಡು ಹೋಗು. ಬರೀ ಕೈಯಲ್ಲಿ ಹೋಗ್ಬೇಡ” ಎಂದರು.

ಆಸ್ಪತ್ರೆಯಲ್ಲಿ ನಡೆದದ್ದನ್ನು ಮಾವ ಅಮ್ಮನಿಗೆ ಒಂದೇ ಸಲ ಹೇಳಿದರು.

“ಹೆಚ್ಚುಕಮ್ಮಿ ಬದಲಾಗಿದೆ ಮೇಡಂ” ಎಂದು ಶುರುಮಾಡಿ, ಹೊಸದನ್ನು ಹೇಳಿ, ಗುಡುಗುಮಳೆಯ ಕಥೆಯನ್ನೂ ಹೇಳಿದರಂತೆ. ಮೇಡಂ ಕೇಳಿದರು:

“ಯಾವಾಗ ಗೊತ್ತಾಯ್ತು?”

“ನಿನ್ನೆ.”

“ನಿನ್ನೇನೇ ಬರಬಾರದಿತ್ತಾ? ಒಂದು ದಿನ ಹೆಚ್ಚಿಗೆ ಸುಳ್ಳನ್ನ ನಂಬಿದ್ದೆ.”

ಮಾವ ಎದ್ದು ನಿಂತರು.

“ಎಲ್ಲಿಗೆ?”

“ಆಚೆಗೆ, ಮೇಡಂ.”

“ಕೂತ್ಕೊಳೋ. ನೀನು ಹೋಗಿ ಬರೋಷ್ಟು ಹೊತ್ತು ಈ ಸಲ ನನ್ನ ಹತ್ರ ಇಲ್ಲ.”

ಮಾವ ಕುಳಿತು ಪೀಚ್ ಹಣ್ಣಿನ ಸಿಪ್ಪೆ ಸುಲಿದರು. ಮೇಡಂ ಕಿಟಕಿಯ ಕಡೆಗೆ ತಿರುಗಿಕೊಂಡು, “ಎಲ್ರಿಗೂ ಹೇಳ್ಬಿಟ್ಟಿದ್ದೆ ಕಣೋ. ನೆಲ ಒರೆಸೋಳಿಗೂ ಹೇಳಿದ್ದೆ” ಎಂದರು. ಅಷ್ಟರಲ್ಲಿ ನರ್ಸ್ ಬಂದಳು. “ಓಹೋ, ಪ್ರೋಟಾನ್ ತೂಗಿದ ಯಜಮಾನ್ರು ಇವರೇನಾ? ನನ್ನನ್ನೂ ಒಂದ್ಸಲ ತೂಗಿ ಸಾರ್, ಸ್ವಲ್ಪ ಕಡಿಮೆ ಹೇಳಿ” ಎಂದು ನಕ್ಕಳು.

“ಇಲ್ಲಮ್ಮ,” ಎಂದರಂತೆ ಮೇಡಂ. “ಇನ್ನೂ ತೂಗಿಲ್ಲ. ನಾನೇ ಅವಸರ ಮಾಡಿ ಹೇಳ್ಬಿಟ್ಟೆ.”

ಆ ಹಣ್ಣನ್ನು ಅವರು ತಿನ್ನಲಿಲ್ಲ. ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಮಾವ ಎರಡನೆಯ ಓಟವನ್ನು ಗುಡುಗುಮಳೆಯ ದಿನದಿಂದ ಮತ್ತೆ ಓಡಿಸಿದರು. ಆದರೆ ಕಾರ್ಡುಗಳು ಆಟಕ್ಕೆ ಮಾಡಿದವು, ಹಗಲಿರುಳು ದುಡಿಯಲಿಕ್ಕಲ್ಲ. ಒಂದೊಂದಾಗಿ ಸುಟ್ಟವು. ಅಷ್ಟರಲ್ಲಿ ಬೇರೆ ದೇಶದವರು ದೊಡ್ಡ ಯಂತ್ರಗಳಲ್ಲಿ ಇದೇ ಲೆಕ್ಕವನ್ನು ಮುಗಿಸಿದರು. ಇನ್ನು ಇದು ಯಾಕೆ ಎಂದು ಸಂಸ್ಥೆಯವರು ಕೇಳಿದರು. ಮರುವರ್ಷದ ಬೇಸಿಗೆಗೆ ನೆಲಮಾಳಿಗೆ ತಣ್ಣಗಾಯಿತು. ಈಗ ಹಿಟ್ಟು ನಮ್ಮ ಅಡುಗೆಮನೆಯ ಒಲೆಯ ಪಕ್ಕದಲ್ಲೇ ಉಬ್ಬುತ್ತದೆ, ನಿಧಾನವಾಗಿ.

ಆ ನವೆಂಬರ್ ಒಂದರಂದು, ತೀರಿಕೊಂಡವರಿಗೆ ದೀಪ ಹಚ್ಚುವ ದಿನ, ನಾವೆಲ್ಲ ಫರ್ಕಾಶ್‌ರೇಟ್ ಸ್ಮಶಾನಕ್ಕೆ ಹೋದೆವು. ಅಜ್ಜಿಯ ಸಮಾಧಿ ಅಲ್ಲಿದೆ, ಮೇಡಂ ಅವರದೂ. ಮಾವ ಸೇವಂತಿಗೆ ಇಟ್ಟು, ಗಾಜಿನೊಳಗಿನ ಮೇಣದ ದೀಪ ಹಚ್ಚಿ, ಟೋಪಿ ತೆಗೆದರು. ನಿಂತುಹೋದ ಓಟದ ಹೆಚ್ಚುಕಮ್ಮಿ ಎಷ್ಟೆಂದು ಮೆಲ್ಲನೆ ಹೇಳಿದರು.

“ಅಂಕಿ ಹೇಳಲೇ ಇಲ್ವಲ್ಲಯ್ಯಾ?” ಎಂದರು ಅಪ್ಪ.

“ಇಷ್ಟು ದೊಡ್ಡ ಹೆಚ್ಚುಕಮ್ಮಿ ಇಟ್ಕೊಂಡು ಅಂಕಿ ಹೇಳೋಕೆ ಅವರು ಬಿಡ್ತಿರಲಿಲ್ಲ ಭಾವ. ಆಚೆ ಹೋಗು ಅಂತಿದ್ರು.”

ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಮಾವ ಗೇಟಿನ ಕಡೆ ನಡೆದರು. ನಾವು ಅಜ್ಜಿಗೆ ದೀಪ ಹಚ್ಚಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಅವರು ಗೇಟಿನ ಆಚೆ, ಹೂ ಮಾರುವವರ ಪಕ್ಕದಲ್ಲಿ ನಿಂತಿದ್ದರು. ಅಜ್ಜಿಯ ಸಮಾಧಿಗೆ ಬರಲೆಂದು ಅಮ್ಮ ಒಳಗಿನಿಂದಲೇ ಕೈಬೀಸಿ ಕರೆದಳು. ಅವರು ಇಲ್ಲವೆಂದು ತಲೆಯಾಡಿಸಿದರು, ಒಳಗೆ ಬರಲಿಲ್ಲ.