ಶಾಲು ಹೊದಿಸಿ ಮೈಕು ಕಸಿದರು

ಶಾಲು ಹೊದಿಸಿಕೊಂಡ ಈರಮ್ಮನವರು ಹಾಡಲೆಂದು ಮೈಕಿಗೆ ಕೈ ಚಾಚಿದರು. ನಿರೂಪಕ ಅದನ್ನು ಹಿಂದಕ್ಕೆಳೆದುಕೊಂಡ. ತೆಲಂಗಾಣ ರಾಜ್ಯವಾದ ಹೊಸತರಲ್ಲಿ ಮಕ್ತಲ್‌ನಲ್ಲಿ ನಡೆದ ಸಮಾರಂಭವದು. ನಾಟಕ ಕಂಪನಿಗಳಲ್ಲಿ ಹಾಡಿ ಹೆಸರಾಗಿ, ಒಂದು ಸಿನಿಮಾಕ್ಕೂ ಹಾಡಿದ್ದ ಅವರನ್ನು ಮಾಗನೂರಿನಿಂದ ಒತ್ತಾಯಿಸಿ ಕರೆತಂದವನು ನಾನೇ.

“ಬ್ಯಾಡ್ರೀ ಅಮ್ಮಾ, ನಿಮ್ಮ ಸಿನಿಮಾ ಹಾಡು ಸೆಲ್ ಫೋನ್‌ನ್ಯಾಗ ಐತಿ. ಅದನ್ನೇ ಹಾಕ್ತೀವಿ, ದನಿ ಛಲೋ ಬರ್ತೈತಿ,” ಎಂದ ನಿರೂಪಕ.

“ನಾ ಇನ್ನಾ ಜೀವಂತ ಅದೀನ್ರೀ,” ಎಂದರು ಈರಮ್ಮ.

ಅಷ್ಟರಲ್ಲಿ ಸ್ಪೀಕರಿನಲ್ಲಿ ಅವರದೇ ಹರೆಯದ ದನಿ ಮೊಳಗಿತು. ಹಾಡು ಮುಗಿಯುವವರೆಗೂ ಅವರು ತುಟಿ ಬಿಗಿಹಿಡಿದು ನಿಂತಿದ್ದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ಯಾರು ಕರೆದರೂ ಅವರು ಹಾಡಲಿಲ್ಲ. ‘ಅವರೇ ಹಾಡಲಿ’ ಎಂದು ಎದ್ದು ಹೇಳಲು ಅಂದು ನನಗೆ ಒಂದು ಹಾಡಿನಷ್ಟು ಹೊತ್ತಿತ್ತು. ನಾನು ಏಳಲಿಲ್ಲ.